ಕೇಬಲ್ಲಿನ ಆ ತುದಿ

ನಮ್ಮ ತಂಗಿಯ ಮಗ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾನೆ. ಭದ್ರಾವತಿಯಲ್ಲಿ ಉಸ್ತಾದರೊಬ್ಬರ ಕೈಕೆಳಗೆ ಆರು ವರ್ಷ ಸ್ಪ್ಯಾನರ್ ಹಿಡಿದು ಪಳಗಿದ ಹುಡುಗ. ಕಳೆದ ಚಳಿಗಾಲದಲ್ಲಿ ನಾವು ಅಲ್ಲಿಗೆ ಹೋಗಿದ್ದಾಗ, ಅವನ ಕೋಣೆಯಲ್ಲಿ ಒಬ್ಬರೇ ಕೂತು ಬೇಸರವಾಗಿ, ಒಂದು ದಿನ ಅವನ ಜೊತೆ ಗ್ಯಾರೇಜಿಗೇ ಹೋದೆವು. ಲಿಫ್ಟಿನ ಪಕ್ಕದಲ್ಲಿ ಒಂದು ಕೆಂಪು ಸ್ಪೋರ್ಟ್ಸ್ ಕಾರು ನಿಂತಿತ್ತು. ಇಬ್ಬರೇ ಕೂರಬಹುದಾದ, ಉದ್ದ ಮೂತಿಯ, ಇಪ್ಪತ್ತೈದು ವರ್ಷ ಹಳೆಯ ಗಾಡಿ. ಬಣ್ಣ ಮಾತ್ರ ನಿನ್ನೆ ಹಚ್ಚಿದಂತೆ ಹೊಳೆಯುತ್ತಿತ್ತು.

"ಒಳಗೆ ಕೂತ್ಕೊಳ್ಳಿ ಮಾಮೂ, ಲಿವರ್ ಎಳೆದು ನೋಡಿ" ಎಂದ. ಆಟೋಮ್ಯಾಟಿಕ್ ಗೇರಿನ ಗಾಡಿ. ಪಿ ಅಕ್ಷರದಿಂದ ಆರ್‌ಗೆ, ಆರ್‌ನಿಂದ ಎನ್‌ಗೆ, ಅಲ್ಲಿಂದ ಡಿ‌ಗೆ ಎಳೆದೆವು. ಬೆಣ್ಣೆಯೊಳಗಿನ ಕೂದಲು ತೆಗೆದಷ್ಟು ಸಲೀಸು. "ಎಷ್ಟು ನಯವಾಗಿದೆ!" ಎಂದು ಹೊಗಳಿದೆವು.

ಅವನು ನಕ್ಕ. "ಅದೇ ಇದರ ರೋಗ ಮಾಮೂ. ಒಂದೊಂದು ಅಕ್ಷರಕ್ಕೂ ಕೈಗೆ ಕಟಕ್ ಅಂತ ತಗಲಬೇಕು. ನೀವು ಆಡಿಸ್ತಾ ಇರೋದು ಬರೀ ಹಿಡಿಕೆ. ಆ ಕಡೆ ಯಾರೂ ಇಲ್ಲ."

ಹಿಂದಿನ ವಾರ ನಡೆದದ್ದನ್ನು ಹೇಳಿದ. ಕಾರಿನ ಮಾಲೀಕರು ಮನೆಯೆದುರಿನ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಲಿವರನ್ನು ಪಿ‌ಗೆ ತಂದು, ಎಂಜಿನ್ ಆರಿಸಿ, ಬೀಗದ ಕೈ ತೆಗೆದುಕೊಂಡು ಇಳಿದರು. ಅವರು ಬಾಗಿಲು ಮುಟ್ಟುವ ಹೊತ್ತಿಗೆ ಗಾಡಿ ಸದ್ದಿಲ್ಲದೆ ಹಿಂದಕ್ಕೆ ಉರುಳಿ ರಸ್ತೆಯಾಚೆಯ ಕಸದ ಡಬ್ಬಿಗೆ ಗುದ್ದಿತು. ಅಲ್ಲಿ ಯಾರೂ ಇರಲಿಲ್ಲ. ರಿಕವರಿ ಗಾಡಿಯ ಮೇಲೆ ಹೇರಿಕೊಂಡು ಗ್ಯಾರೇಜಿಗೆ ತಂದರು.

ಲಿವರ್ ಪಿ ಎನ್ನುತ್ತಿರುವಾಗ ಗಾಡಿ ಹೇಗೆ ಉರುಳಿತು? ಗೇರಿನ ಹಳೇ ಸ್ಕೂಟರ್ ಓಡಿಸಿದ ಓದುಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಆ ಸ್ಕೂಟರಿನ ಎಡಗೈ ಹಿಡಿಯಲ್ಲಿ ಗೇರಿನ ಅಂಕಿಗಳಿರುತ್ತಿದ್ದವು. ನಾವು ಹಿಡಿಯನ್ನು ತಿರುಗಿಸಿದರೆ, ಕೆಳಗೆ ಎಂಜಿನ್ನಿನ ಬಳಿ ಗೇರು ಬದಲಾಗುತ್ತಿತ್ತು. ನಡುವೆ ಇದ್ದದ್ದು ಎರಡು ತೆಳು ಕೇಬಲ್ಲುಗಳು. ಕೇಬಲ್ ಸಡಿಲಾದರೆ ಹಿಡಿ ನ್ಯೂಟ್ರಲ್ ತೋರಿಸುತ್ತಿತ್ತು, ಗೇರು ಇನ್ನೂ ಒಂದರಲ್ಲೇ ಇರುತ್ತಿತ್ತು. ಹಿಡಿಯ ಅಂಕಿ ಸುಳ್ಳು ಹೇಳುತ್ತಿತ್ತು ಎನ್ನುವುದಕ್ಕಿಂತ, ಅದಕ್ಕೆ ಕೆಳಗಿನ ಸುದ್ದಿಯೇ ಗೊತ್ತಿರುತ್ತಿರಲಿಲ್ಲ ಎನ್ನುವುದು ಸರಿ.

ಈ ಕಾರಿನಲ್ಲೂ ಅಷ್ಟೆ. ಲಿವರಿನ ಬುಡದಿಂದ ಹೊರಟ ಉಕ್ಕಿನ ತಂತಿಯೊಂದು ಹೊರಕವಚದೊಳಗೆ ಹಾದು, ಗಾಡಿಯ ತಳದಲ್ಲಿ ಗೇರ್‌ಬಾಕ್ಸಿನ ಪಕ್ಕದ ಒಂದು ಸಣ್ಣ ತೋಳನ್ನು ಸೇರುತ್ತದೆ. ಬ್ರೇಕಿನ ಕೇಬಲ್ ಎಳೆಯುವುದನ್ನು ಮಾತ್ರ ಬಲ್ಲದು. ಇದು ಎಳೆಯಲೂ ಬೇಕು, ತಳ್ಳಲೂ ಬೇಕು. ಆ ತೋಳು ತಿರುಗಿದಾಗ ಗೇರ್‌ಬಾಕ್ಸಿನೊಳಗೆ ಒಂದು ವಾಲ್ವ್ ಸರಿದು ಎಣ್ಣೆಯ ಒತ್ತಡ ಯಾವ ಕಡೆ ಹರಿಯಬೇಕೆಂದು ತೀರ್ಮಾನವಾಗುತ್ತದೆ. ಪಿ‌ಗೆ ಬಂದಾಗ ಉಕ್ಕಿನದೊಂದು ಕೊಕ್ಕೆ ಹಲ್ಲಿನ ಚಕ್ರಕ್ಕೆ ಸಿಕ್ಕಿಕೊಂಡು ಗಾಡಿ ಅಲುಗದಂತೆ ಹಿಡಿಯುತ್ತದೆ. ಕೇಬಲ್ಲಿನ ತುದಿ ಆ ತೋಳಿನ ಗೂಟಕ್ಕೆ ಕಚ್ಚಿಕೊಂಡಿರುವುದು ಬೆರಳುಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಬುಷ್‌ನಿಂದ. ವರ್ಷಗಳ ಕಾವಿಗೆ ಅದು ಒಣಗಿ, ಬಿರಿದು, ಪುಡಿಯಾಗಿತ್ತು. ತುದಿ ಗೂಟದಿಂದ ಕಳಚಿಕೊಂಡಿತ್ತು. ಮೇಲೆ ಲಿವರ್ ಪಿ‌ಗೆ ಬಂದರೂ ಕೆಳಗಿನ ತೋಳು ಇದ್ದಲ್ಲೇ ಇತ್ತು.

ಬುಷ್ ಒಂದನ್ನೇ ಬದಲಿಸಬಹುದಿತ್ತು. ಆದರೆ ಸೈಲೆನ್ಸರ್ ಪೈಪಿನ ಪಕ್ಕದಲ್ಲಿ ಕೇಬಲ್ಲಿನ ಹೊರಕವಚ ಕರಗಿ, ಒಳತಂತಿ ಬಿಗಿಯಾಗಿತ್ತು. ಬಿಗಿಯಾದ ತಂತಿಯನ್ನು ಬಲವಂತದಿಂದ ಎಳೆದೆಳೆದೇ ಬುಷ್ ಸವೆದದ್ದು. ಹೊಸ ಬುಷ್ ಹಾಕಿದರೆ ಅದೂ ಅದೇ ಹಾದಿ ಹಿಡಿಯುತ್ತದೆ. "ಕೇಬಲ್ ಪೂರಾ ಹೊಸದು ಹಾಕ್ಬೇಕು, ಹೊರಗಿನಿಂದ ತರಿಸೋಕೆ ಒಂದು ವಾರ" ಎಂದು ಹುಡುಗ ಹೇಳಿದ್ದ. ಮಾಲೀಕರಿಗೆ ವಾರದ ವ್ಯವಧಾನವಿರಲಿಲ್ಲ. ಗಾಡಿ ಕೊಳ್ಳುವವರು ಸಿಕ್ಕಿದ್ದರು. ಅವರು ಹೇಳಿದ್ದು ಇಷ್ಟು: "ತುದಿಗೆ ಒಂದು ಪ್ಲಾಸ್ಟಿಕ್ ಟೈ ಬಿಗಿದು ಕೊಡು. ಮಾರುವ ಗಾಡಿ. ಆಮೇಲಿನದು ಕೊಂಡವನು ನೋಡಿಕೊಳ್ಳುತ್ತಾನೆ."

ಟೈ ಬಿಗಿದರೆ ಕೆಲಸವಾಗುತ್ತದೆಯೇ? ಆಗುತ್ತದೆ, ಕೆಲವು ದಿನ. ದಾರಿಯಲ್ಲಿ ಕೆಟ್ಟು ನಿಂತವರು ಮನೆ ಮುಟ್ಟಲು ಹೀಗೆ ಮಾಡುವುದುಂಟು. ಲಿವರ್ ಎಳೆದರೆ ಕಟಕ್ ಎನ್ನುತ್ತದೆ. ಕೊಳ್ಳಲು ಬಂದವನು ಒಂದು ಸುತ್ತು ಓಡಿಸಿ ನೋಡಿ ಸಂತೋಷಪಡುತ್ತಾನೆ. ಆಮೇಲೊಂದು ದಿನ ಎಂಜಿನ್ನಿನ ಕಾವಿಗೆ ಟೈ ಮೆತ್ತಗಾಗಿ ಜಾರುತ್ತದೆ.

ನಮ್ಮ ಹುಡುಗ ಈ ಪ್ರಶ್ನೆಯನ್ನು ಊಟದ ಹೊತ್ತಿನಲ್ಲಿ ನಮ್ಮ ಮುಂದಿಟ್ಟ. "ನೀವು ಕತೆ ಬರೆಯೋರು, ಹೇಳಿ ಮಾಮೂ. ಗಾಡಿ ಅವರದು. ದುಡ್ಡು ಅವರದು. ಕೊಳ್ಳೋನು ಯಾರೋ, ನಾನು ಮುಖಾನೂ ನೋಡಲ್ಲ. ನಾನು ಮಾರ್ತಾ ಇಲ್ಲ, ಸುಳ್ಳೂ ಹೇಳ್ತಾ ಇಲ್ಲ. ಹೇಳಿದ ಕೆಲಸ ಮಾಡಿದ್ರೆ ನನ್ನ ಮೇಲೆ ಏನು ತಪ್ಪು?"

ಇದು ಹೊಸ ಪ್ರಶ್ನೆಯೇನೂ ಅಲ್ಲ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ತನ್ನ ಮಗನಿಗಾಗಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇಂಥದೇ ಒಂದು ಮನೆ ಮಾರಾಟದ ಪ್ರಸಂಗವಿದೆ. ಮನೆಯ ಮರಮುಟ್ಟು ಕೆಟ್ಟಿದೆ, ಕೋಣೆಗಳಲ್ಲಿ ಹುಳಹುಪ್ಪಟೆಗಳಿವೆ. ಇದು ಒಡೆಯನಿಗೆ ಮಾತ್ರ ಗೊತ್ತು. ಅವನು ಹೇಳದೆ ಮಾರಿದರೆ ತಪ್ಪೇ? ಸ್ಟೋಯಿಕ್ ಪಂಥದ ಇಬ್ಬರು ಚಿಂತಕರ ವಾದವನ್ನು ಸಿಸೆರೊ ಎದುರುಬದುರಾಗಿ ಇಡುತ್ತಾನೆ. ಬ್ಯಾಬಿಲೋನಿನ ಡಯೋಜಿನಿಸ್ ಪ್ರಕಾರ, ಕಾನೂನು ಹೇಳು ಎಂದಷ್ಟನ್ನು ಹೇಳಿದರೆ ಸಾಕು. ಯಾರೂ ಬಲವಂತ ಮಾಡಿ ಕೊಳ್ಳಿಸಲಿಲ್ಲ, ಹೇಳದಿರುವುದು ಬೇರೆ, ಮರೆಮಾಚುವುದು ಬೇರೆ. ಅವನ ಶಿಷ್ಯ ಆಂಟಿಪೇಟರ್ ಇದನ್ನು ಒಪ್ಪುವುದಿಲ್ಲ. ಅವನ ಪ್ರಕಾರ ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಾಗಬೇಕು. ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದೇ ತಪ್ಪಾದರೆ, ಗೊತ್ತಿದ್ದೂ ತಪ್ಪು ದಾರಿಗೆ ಬಿಡುವುದು ಇನ್ನೂ ದೊಡ್ಡ ತಪ್ಪು. ಸಿಸೆರೊ ಶಿಷ್ಯನ ಪಕ್ಷ ವಹಿಸುತ್ತಾನೆ.

ನಮ್ಮ ಓದುಗರಲ್ಲಿ ಅನೇಕರಿಗೆ ಇನ್ನೊಂದು ಸಂತೆಯ ಪ್ರಸಂಗವೂ ಗೊತ್ತಿರುತ್ತದೆ. ಪ್ರವಾದಿ ಮುಹಮ್ಮದ್ (ಸ) ಅವರು ಧಾನ್ಯದ ರಾಶಿಯೊಳಗೆ ಕೈ ತೂರಿಸಿದಾಗ ಬೆರಳಿಗೆ ಒದ್ದೆ ತಗಲಿದ್ದು, ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲವೆಂದು ಕೇಳಿದ್ದು ಸಹೀಹ್ ಮುಸ್ಲಿಂ ಸಂಗ್ರಹದಲ್ಲಿ ದಾಖಲಾಗಿದೆ. ಗುಪ್ತ ದೋಷವಿದ್ದರೆ ಸರಕು ಮರಳಿಸುವ ಹಕ್ಕು ಕೊಂಡವನಿಗಿದೆ ಎಂಬುದು ಇಸ್ಲಾಮೀ ಕಾನೂನಿನಲ್ಲಿ 'ಖಿಯಾರುಲ್ ಐಬ್' ಎಂಬ ಹೆಸರಿನಿಂದ ಬೆಳೆದು ಬಂದಿದೆ. ಕೊಳ್ಳುವವನೇ ಎಚ್ಚರವಾಗಿರಲಿ ಎಂಬುದು ಹಳೆಯ ಇಂಗ್ಲಿಷ್ ಕಾನೂನಿನ ಧೋರಣೆ. ನಮ್ಮ ದೇಶದ 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮು ಆ ಧೋರಣೆಯಿಂದಲೇ ಆರಂಭವಾದರೂ ಕೂಡಲೇ ಅದಕ್ಕೆ ವಿನಾಯಿತಿಗಳನ್ನು ಪಟ್ಟಿ ಮಾಡುತ್ತದೆ. ಎಚ್ಚರದ ಭಾರವನ್ನೆಲ್ಲ ಏನೂ ಕಾಣದವನ ತಲೆಯ ಮೇಲೆ ಹೊರಿಸಿ ವ್ಯಾಪಾರ ನಡೆಸಲಾಗದು ಎಂದು ಎಲ್ಲ ಕಡೆಯೂ ಜನ ಕಂಡುಕೊಂಡರು.

ಆದರೆ ಹುಡುಗನ ಪ್ರಶ್ನೆಗೆ ಇಷ್ಟು ಉತ್ತರ ಸಾಲದು ಎಂದು ನಮಗೆ ಅನ್ನಿಸಿತು. ಆಂಟಿಪೇಟರ್ ಹೇಳಿದಂತೆ ಎಲ್ಲವನ್ನೂ ಹೇಳಿಯೇ ಮಾರಿದರೆಂದು ಇಟ್ಟುಕೊಳ್ಳೋಣ. ಕೊಳ್ಳುವವನು ಬೆಲೆ ಇಳಿಸಿಕೊಂಡು, "ಇರಲಿ ಬಿಡಿ, ಆಮೇಲೆ ನೋಡಿಕೊಳ್ಳುತ್ತೇನೆ" ಎಂದು ಟೈ ಕಟ್ಟಿದ ಗಾಡಿಯನ್ನೇ ಒಯ್ದರೆ ವ್ಯವಹಾರ ಶುದ್ಧವಾಯಿತೇ? ಹುಳ ಹಿಡಿದ ಮನೆ ಕೊಂಡವನ ಮೇಲೆಯೇ ಬೀಳುತ್ತದೆ. ಕಾರು ಹಾಗಲ್ಲ. ಅದು ಉರುಳುವುದು ಹಿಂದೆ ನಿಂತವರ ಮೇಲೆ. ಚೆಂಡು ಹೆಕ್ಕಲು ಓಡಿಬಂದ ಮಗು ಈ ಬೇರದಲ್ಲಿ ಸಹಿ ಹಾಕಿಲ್ಲ. ಅದಕ್ಕೆ ಯಾರೂ ಬೆಲೆ ಇಳಿಸಿ ಕೊಟ್ಟಿಲ್ಲ. ಹೇಳುವುದರಿಂದ ಕೊಳ್ಳುವವನ ಸಾಲ ತೀರುತ್ತದೆ. ಮೂರನೆಯವರ ಸಾಲ ತೀರಬೇಕಾದರೆ ಗಾಡಿ ಸರಿಯಾಗಲೇಬೇಕು.

ಹೇಳುವುದಕ್ಕೂ ಸರಿಮಾಡುವುದಕ್ಕೂ ಇರುವ ಅಂತರವನ್ನು ಅಮೆರಿಕ ದೊಡ್ಡ ಪ್ರಮಾಣದಲ್ಲಿ ಕಂಡಿದೆ. 1970ರ ದಶಕದಲ್ಲಿ ಫೋರ್ಡ್ ಕಂಪನಿಯ ಆಟೋಮ್ಯಾಟಿಕ್ ಗಾಡಿಗಳು ಪಾರ್ಕಿನಿಂದ ತಾವಾಗಿಯೇ ರಿವರ್ಸಿಗೆ ಜಾರುತ್ತವೆಂಬ ದೂರುಗಳು ಸಾವಿರಗಟ್ಟಲೆ ಬಂದವು. ಲಿವರ್ ಪಿ‌ಯಲ್ಲಿ ಇದ್ದಂತೆ ಕಾಣುತ್ತಿತ್ತು, ನಿಜಕ್ಕೂ ಪಿ ಮತ್ತು ಆರ್‌ಗಳ ನಡುವೆ ನಿಂತಿರುತ್ತಿತ್ತು, ಎಂಜಿನ್ನಿನ ಅದುರಿಗೆ ಆ ಕಡೆ ಜಾರುತ್ತಿತ್ತು ಎಂಬುದು ಆರೋಪ. ಸಾವುನೋವುಗಳ ದೂರುಗಳೂ ಇದ್ದವು. 1980ರ ಕೊನೆಯಲ್ಲಿ ಸರಕಾರಕ್ಕೂ ಕಂಪನಿಗೂ ಒಪ್ಪಂದವಾಯಿತು. ಗಾಡಿಗಳನ್ನು ಹಿಂದಕ್ಕೆ ಕರೆದು ಸರಿಪಡಿಸುವ ಬದಲು, 2 ಕೋಟಿಗೂ ಹೆಚ್ಚು ಗಾಡಿಗಳ ಮಾಲೀಕರಿಗೆ ಅಂಚೆಯಲ್ಲಿ ಒಂದು ಎಚ್ಚರಿಕೆಯ ಚೀಟಿ ಹೋಯಿತು. ಲಿವರ್ ಪೂರ್ತಿ ಪಾರ್ಕಿನಲ್ಲಿ ಕೂತಿದೆಯೆಂದು ಖಚಿತಪಡಿಸಿಕೊಳ್ಳಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆರಿಸಿ ಇಳಿಯಿರಿ ಎಂಬ ಅರ್ಥದ ಚೀಟಿ. ಗಾಡಿಯ ಮುಂಭಾಗದಲ್ಲಿ ಅಂಟಿಸಿಕೊಳ್ಳಬೇಕಿತ್ತು. ಸಲಹೆ ತಪ್ಪಲ್ಲ, ಇವತ್ತಿಗೂ ಪಾಲಿಸತಕ್ಕದ್ದೇ. ಆದರೆ ಚೀಟಿ ಚಾಲಕನನ್ನು ಎಚ್ಚರಿಸುತ್ತದೆ, ಗಾಡಿಯ ಹಿಂದೆ ನಿಂತವನಿಗೆ ಅದು ಕಾಣುವುದಿಲ್ಲ.

ಅದೇ ಕಂಪನಿ ನಲವತ್ತು ವರ್ಷಗಳ ಮೇಲೆ ಬೇರೆ ರೀತಿ ನಡೆದುಕೊಂಡದ್ದನ್ನೂ ಹೇಳಬೇಕು. ಗೇರ್ ಕೇಬಲ್ಲಿನ ತುದಿಯ ಬುಷ್ ಸವೆದು ಕಳಚಿಕೊಳ್ಳುತ್ತದೆಂಬ ಕಾರಣಕ್ಕೆ, ಎಂದರೆ ಈ ಕೆಂಪು ಕಾರಿನದೇ ರೋಗಕ್ಕೆ, 2018ರಿಂದ ಅದು ಹಲವು ಸಲ ಗಾಡಿಗಳನ್ನು ವಾಪಸು ಕರೆಯಿತು. 2022ರಲ್ಲಿ ಒಂದೇ ಸಲಕ್ಕೆ ಸುಮಾರು 29 ಲಕ್ಷ ಗಾಡಿಗಳು. ಪರಿಹಾರ ಬಹಳ ಸರಳ: ಹೊಸ ಬುಷ್, ಅದರ ಮೇಲೊಂದು ರಕ್ಷಣೆಯ ಮುಚ್ಚಳ. ಉಗುರಿನಷ್ಟು ಪ್ಲಾಸ್ಟಿಕ್ಕಿಗಾಗಿ 29 ಲಕ್ಷ ಗಾಡಿಗಳನ್ನು ಕರೆಯಬೇಕಾಯಿತು. ವಸ್ತು ಚಿಕ್ಕದಾದ ಮಾತ್ರಕ್ಕೆ ಅದರ ಹೊಣೆ ಚಿಕ್ಕದಾಗುವುದಿಲ್ಲ.

ಇಷ್ಟೆಲ್ಲ ಓದಿಕೊಂಡವರು ನಾವು. ಹುಡುಗನಿಗೆ ಉಪದೇಶ ಮಾಡಲು ಬಾಯಿ ತೆರೆದಾಗ ನಾಲಗೆ ಏಳಲಿಲ್ಲ. 2004ರಲ್ಲಿ ನಾವೊಂದು ಹಳೇ ಸ್ಕೂಟರ್ ಮಾರಿದ್ದೆವು. ಗೇರ್ ಕೇಬಲ್ ಸಡಿಲಾಗಿತ್ತು. ಹಿಡಿ ನ್ಯೂಟ್ರಲ್ ತೋರಿಸುವಾಗ ಕಿಕ್ ಹೊಡೆದರೆ ಒಮ್ಮೊಮ್ಮೆ ಗಾಡಿ ಮುಂದಕ್ಕೆ ಜಿಗಿಯುತ್ತಿತ್ತು. ನಮಗೆ ಅದರ ಅಭ್ಯಾಸವಿತ್ತು. ಕೊಳ್ಳಲು ಬಂದವರು ಬಟ್ಟೆ ಅಂಗಡಿಯ ಗುಮಾಸ್ತರು. ಹೆಂಡತಿಯನ್ನೂ ಸಣ್ಣ ಮಗಳನ್ನೂ ಕರೆದುಕೊಂಡು ಬಂದಿದ್ದರು. ಮಗಳು ಮುಂದೆ ನಿಂತುಕೊಳ್ಳಲು ಜಾಗ ಸಾಕಾಗುತ್ತದೆಯೇ ಎಂದು ನಿಂತು ನೋಡಿತು. "ಗಾಡಿ ಹೇಗಿದೆ ಸಾಹೇಬರೇ?" ಎಂದು ಅವರು ಕೇಳಿದರು. "ಒಳ್ಳೇ ಗಾಡಿ" ಎಂದೆವು. ಸುಳ್ಳಲ್ಲ. ಆರು ವರ್ಷ ನಮ್ಮನ್ನು ಹೊತ್ತ ಗಾಡಿ ಅದು. ಕೇಬಲ್ಲಿನ ಮಾತನ್ನು ಮಾತ್ರ ಎತ್ತಲಿಲ್ಲ. ಎತ್ತಿದ್ದರೆ ಮುನ್ನೂರೋ ನಾನೂರೋ ರೂಪಾಯಿ ಕಡಿಮೆ ಮಾಡುತ್ತಿದ್ದರು. ನಮಗೆ ಮೆಕ್ಯಾನಿಕ್ಕಿನ ಹತ್ತಿರ ಹೋಗಲು ಸಮಯವೂ ಇತ್ತು, ಕೇಬಲ್ ಹಾಕಿಸಲು ದುಡ್ಡೂ ಇತ್ತು. ಯಾವ ಅರ್ಬಾಬೂ ನಮ್ಮ ತಲೆಯ ಮೇಲೆ ನಿಂತಿರಲಿಲ್ಲ.

ಹುಡುಗನ ತಲೆಯ ಮೇಲೆ ಅರ್ಬಾಬ್ ಇದ್ದರು. ಅವನ ವೀಸಾ ಆ ಗ್ಯಾರೇಜಿನ ಹೆಸರಿನಲ್ಲಿದೆ. ಗಿರಾಕಿ ಸಿಟ್ಟಾಗಿ ಬೇರೆ ಗ್ಯಾರೇಜಿಗೆ ಹೋದರೆ ಲೆಕ್ಕ ಕೊಡಬೇಕಾದವನು ಅವನು. ಪ್ರಾಮಾಣಿಕತೆಯ ಬಗ್ಗೆ ಬರೆಯುವ ನಮ್ಮಂಥವರು ಸಾಮಾನ್ಯವಾಗಿ ಮರೆಯುವ ಸಂಗತಿಯಿದು. ಒಂದೇ ಸತ್ಯಕ್ಕೆ ಎಲ್ಲರೂ ಒಂದೇ ಬೆಲೆ ಕೊಡುವುದಿಲ್ಲ. ನಮಗೆ ನಾನೂರು ರೂಪಾಯಿಗೆ ಸಿಗುತ್ತಿದ್ದದ್ದು ಅವನಿಗೆ ನೌಕರಿಯ ಬೆಲೆಗೆ ಸಿಗುತ್ತದೆ. ಕೆಳಗೆ ಮಲಗಿ ಕೆಲಸ ಮಾಡುವವನಿಂದ ಅಷ್ಟು ದೊಡ್ಡ ಬೆಲೆ ಕೇಳುವ ಸಮಾಜ, ಮೊದಲು ಆ ಬೆಲೆಯನ್ನು ಇಳಿಸುವ ಏರ್ಪಾಡು ಮಾಡಬೇಡವೇ?

"ನೀನು ಏನು ಮಾಡಬೇಕೂಂತಿದ್ದೀ?" ಎಂದು ಅವನನ್ನೇ ಕೇಳಿದೆವು.

"ಒಂದು ಉಪಾಯ ಇದೆ ಮಾಮೂ. ಭದ್ರಾವತೀಲಿ ಉಸ್ತಾದ್ ಹೇಳ್ತಿದ್ರು, ಬಿಲ್ಲಿನ ಮೇಲೆ ಬರೆಯೋಕೆ ಆಗದ ಕೆಲಸ ಮಾಡಬೇಡ ಅಂತ."

ಮಧ್ಯಾಹ್ನ ಮಾಲೀಕರು ಬಂದರು. ಹುಡುಗ ಬಹಳ ಮರ್ಯಾದೆಯಿಂದ, ಟೈ ಹಾಕಿ ಕೊಡುವುದಾಗಿಯೂ, ಆದರೆ ಬಿಲ್ಲಿನಲ್ಲಿ 'ಕೇಬಲ್ ಕೆಟ್ಟಿದೆ, ತಾತ್ಕಾಲಿಕವಾಗಿ ಟೈ ಕಟ್ಟಲಾಗಿದೆ, ಇಳಿಜಾರಿನಲ್ಲಿ ನಿಲ್ಲಿಸಬಾರದು' ಎಂದು ಬರೆಯುವುದಾಗಿಯೂ ಹೇಳಿದ. ಮಾಲೀಕರ ಮುಖ ಬದಲಾಯಿತು. ಬರೆಯುವುದು ಬೇಡವೆಂದರು. ಟೈ ಸಾಕೆನ್ನುವವರು ಅದನ್ನು ಕಾಗದದ ಮೇಲೆ ಕಾಣಲು ಒಪ್ಪಲಿಲ್ಲ. ಮಾತು ಬೆಳೆಯಿತು. ಒಳಗಿನಿಂದ ಅರ್ಬಾಬ್ ಬಂದರು. ಅವರು ನೀತಿಯ ಮಾತು ಆಡಲಿಲ್ಲ. ಬಿಲ್ಲಿನ ಪುಸ್ತಕ ಕೈಗೆತ್ತಿಕೊಂಡು, ನಾಳೆ ಗಾಡಿ ಯಾರ ಮೇಲಾದರೂ ಹರಿದರೆ ಪೊಲೀಸರು ಕೇಳುವುದು ಕೊನೆಯಲ್ಲಿ ಕೈ ಹಾಕಿದವರನ್ನು, ಬಿಲ್ಲಿನ ಮೇಲಿನ ಮೊಹರು ನನ್ನದು ಎಂದರು. ಕೇಬಲ್ ಹಾಕಿಸುವುದಾದರೆ ಕೂಲಿಯಲ್ಲಿ ಸ್ವಲ್ಪ ಬಿಡುತ್ತೇನೆ, ಇಲ್ಲವಾದರೆ ಗಾಡಿ ಹೇಗೆ ಬಂದಿತ್ತೋ ಹಾಗೆಯೇ ರಿಕವರಿಯ ಮೇಲೆ ಹೋಗಲಿ ಎಂದರು. ಮಾಲೀಕರು ಗೊಣಗುತ್ತ ಒಪ್ಪಿದರು.

ಅರ್ಬಾಬರದು ಧರ್ಮಬುದ್ಧಿಯೋ ಮೊಹರಿನ ಭಯವೋ ಎಂದು ಶೋಧಿಸುವ ಗೋಜಿಗೆ ನಾವು ಹೋಗುವುದಿಲ್ಲ. ಭಯವೇ ಇರಲಿ, ಆ ಭಯವನ್ನು ಹುಟ್ಟಿಸಿದ್ದು ಒಂದು ಮೊಹರು, ಒಂದು ಕಾನೂನು, ಕೇಳುವವರಿದ್ದಾರೆಂಬ ತಿಳಿವಳಿಕೆ. ಒಂಟಿ ಮನುಷ್ಯನ ಮನಸ್ಸಾಕ್ಷಿ ಹೊರಲಾರದ ಭಾರವನ್ನು ಹೊರಲೆಂದೇ ಇಂಥ ಏರ್ಪಾಡುಗಳು ಇರುವುದು. ಆದರೆ ಹುಡುಗ ಆ ಎರಡು ಸಾಲು ಬರೆಯುತ್ತೇನೆಂದು ಹಟ ಹಿಡಿಯದಿದ್ದರೆ ಅರ್ಬಾಬರ ಭಯಕ್ಕೆ ಎಚ್ಚರವೇ ಆಗುತ್ತಿರಲಿಲ್ಲ ಎಂಬುದೂ ನಿಜ.

ಎಂಟನೆಯ ದಿನ ಹೊಸ ಕೇಬಲ್ ಬಂತು. ನಾವೂ ನೋಡಲು ಹೋದೆವು. ಹುಡುಗ ಬ್ಯಾಟರಿಯ ತಂತಿ ಬಿಚ್ಚಿ, ಲಿವರಿನ ಸುತ್ತಲಿನ ಮುಚ್ಚಿಗೆಯನ್ನು ತೆಗೆದು, ಮೇಲಿನ ತುದಿ ಕಳಚಿದ. ಗಾಡಿಯನ್ನು ಲಿಫ್ಟಿನಲ್ಲಿ ಎತ್ತಿ, ಸೈಲೆನ್ಸರ್ ಪೈಪಿನ ಕಾವು ತಡೆಯುವ ತಗಡನ್ನು ಬಿಚ್ಚಿದ. ಹಳೆಯ ಕೇಬಲ್ ಹಾದುಹೋದ ದಾರಿಯನ್ನು ಬೆರಳಿನಿಂದ ಗುರುತಿಸಿಕೊಂಡು ಅದನ್ನು ಹೊರಗೆಳೆದ. ಹೊಸದನ್ನು ಅದೇ ದಾರಿಯಲ್ಲಿ, ಪೈಪಿಗೆ ತಾಗದಂತೆ ಕೊಕ್ಕೆಗಳಲ್ಲಿ ಕೂರಿಸಿದ. ಕಳಚಿದ್ದ ತಗಡನ್ನು ಮರೆಯದೆ ಮತ್ತೆ ಹಾಕಿದ. ಅದಿಲ್ಲದೆ ಹೋದರೆ ಹೊಸ ಕೇಬಲ್ಲೂ ಕರಗುತ್ತದೆ, ಯಾರಿಗೂ ತಿಳಿಯುವುದೂ ಇಲ್ಲ.

ಕೊನೆಗೆ ಉಳಿದದ್ದು ಅಳತೆ ಸರಿಹೊಂದಿಸುವ ಕೆಲಸ. ಮೇಲೆ ಲಿವರನ್ನು ಪಿ‌ಯಲ್ಲಿ ನಿಲ್ಲಿಸಿದ. ಕೆಳಗೆ ಗೇರ್‌ಬಾಕ್ಸಿನ ತೋಳನ್ನು ಕೈಯಿಂದಲೇ ಪಿ‌ಗೆ ತಂದು, ಚಕ್ರವನ್ನು ಅಲುಗಿಸಿ ಕೊಕ್ಕೆ ಸಿಕ್ಕಿಕೊಂಡದ್ದನ್ನು ಖಚಿತಪಡಿಸಿಕೊಂಡ. ಆಮೇಲೆ ನಡುವಿನ ಬಿಗಿಯನ್ನು ಲಾಕ್ ಮಾಡಿದ. "ಮೊದಲು ಎರಡೂ ಕಡೆ ಒಂದೇ ಜಾಗದಲ್ಲಿ ಇರ್ಬೇಕು ಮಾಮೂ, ಆಮೇಲೆ ಬಿಗೀಬೇಕು. ಮೊದಲೇ ಬಿಗಿದ್ರೆ ವ್ಯತ್ಯಾಸಾನೂ ಸೇರಿ ಬಿಗಿಯಾಗುತ್ತೆ" ಎಂದ. ಕೆಲವೇ ಮಿಲಿಮೀಟರ್ ತಪ್ಪಿದರೂ ಕೊಕ್ಕೆ ಅರ್ಧ ಕಚ್ಚಬಹುದಂತೆ. ಅರ್ಧ ಕಚ್ಚಿದ್ದು ಕಚ್ಚದೇ ಇರುವುದಕ್ಕಿಂತ ಅಪಾಯ, ಯಾಕೆಂದರೆ ಅದನ್ನು ನಂಬಿಬಿಡುತ್ತೇವೆ.

ಪರೀಕ್ಷೆಯೂ ನಡೆಯಿತು. ಪಿ ಮತ್ತು ಎನ್‌ಗಳಲ್ಲಿ ಮಾತ್ರ ಎಂಜಿನ್ ಶುರುವಾಯಿತು, ಆರ್ ಮತ್ತು ಡಿ‌ಯಲ್ಲಿ ಆಗಲಿಲ್ಲ. ಆರ್‌ನಲ್ಲಿ ಹಿಂದಿನ ಬಿಳಿ ದೀಪ ಹತ್ತಿತು. ಗ್ಯಾರೇಜಿನ ಬಾಗಿಲ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ, ಚಕ್ರದಿಂದ ತುಸು ದೂರದಲ್ಲಿ ಮರದ ತುಂಡು ಇಟ್ಟು, ಹಿಂದೆ ಯಾರೂ ಇಲ್ಲವೆಂದು ಎರಡು ಸಲ ನೋಡಿ, ಲಿವರನ್ನು ಪಿ‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಬಿಟ್ಟ. ಗಾಡಿ ಒಂದು ಅಂಗುಲದಷ್ಟು ವಾಲಿ, ಕಟಕ್ ಎಂದು ನಿಂತಿತು. ನಾವು ಸೀಟಿನಲ್ಲಿ ಕೂತಿದ್ದೆವು. ಆ ಸದ್ದು ಕೈಗೂ ತಗಲಿತು.

ಊರಿಗೆ ಬಂದ ಮೇಲೆ ಆ ಗುಮಾಸ್ತರನ್ನು ಹುಡುಕಿಕೊಂಡು ಹೋದೆವು. ಬಟ್ಟೆ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ಅಕ್ಕಪಕ್ಕದವರಿಗೆ ಅವರ ನೆನಪಿಲ್ಲ, ನಮಗೆ ಅವರ ಹೆಸರು ನೆನಪಿಲ್ಲ. ಸ್ಕೂಟರಿನ ಕೇಬಲ್ಲನ್ನು ಅವರು ಮರುದಿನವೇ ಬದಲಿಸಿರಬಹುದು. ಏನೂ ಆಗಿರಲಿಕ್ಕಿಲ್ಲ. ಹಾಗೆಂದು ಎಷ್ಟು ಸಲ ಹೇಳಿಕೊಂಡರೂ, ಮುಂದೆ ನಿಲ್ಲಲು ಜಾಗ ಸಾಕಾಗುತ್ತದೆಯೇ ಎಂದು ನಿಂತು ನೋಡಿದ ಆ ಮಗು ಕಣ್ಣ ಮುಂದಿನಿಂದ ಹೋಗುವುದಿಲ್ಲ.